ಆರು ಜಾಡಿಗಳಲ್ಲಿ ಒಂದು ಕೊಳ: ಜೀವಿಗಳ ಒಡನಾಟವನ್ನು ಕಣ್ಣಾರೆ ನೋಡುವ ಬಗೆ

ಕೊಳದ ನೀರು, ಒಂದು ಹಿಡಿ ಕೆಸರು, ಎರಡು ಕಡ್ಡಿ ನೀರುಗಿಡ. ಇಷ್ಟನ್ನು ಗಾಜಿನ ಜಾಡಿಗೆ ತುಂಬಿಟ್ಟರೆ ಅದೇ ಒಂದು ಪುಟ್ಟ ಪರಿಸರ ವ್ಯವಸ್ಥೆ. ನೋಡಲು ಚೆಂದ, ಆದರೆ ಒಂದೇ ಜಾಡಿಯಿಂದ ಕಲಿಯುವುದು ಕಡಿಮೆ. ಮೂರನೇ ವಾರ ನೀರು ಹಸಿರಾಯಿತು ಅನ್ನಿ. ಬೆಳಕು ಹೆಚ್ಚಾಗಿದ್ದಕ್ಕೋ, ಬಸವನಹುಳು ಸತ್ತದ್ದಕ್ಕೋ, ಕೆಸರಿನಲ್ಲಿ ಪೋಷಕಾಂಶ ಜಾಸ್ತಿ ಇದ್ದದ್ದಕ್ಕೋ ಹೇಳುವಂತಿಲ್ಲ. ಆದ್ದರಿಂದ ಒಂದು ದೊಡ್ಡ ಜಾಡಿಯ ಬದಲು ಒಂದು ಲೀಟರಿನ ಆರು ಜಾಡಿ ಇಡಿ. ಮೂರರಲ್ಲಿ ಬಸವನಹುಳು ಇರಲಿ, ಮೂರರಲ್ಲಿ ಬೇಡ. ಉಳಿದದ್ದೆಲ್ಲ ಒಂದೇ ಆಗಿರಲಿ. ಎಂಟು ವಾರ ನೋಡಿದರೆ ಒಂದು ಜೀವಿ ಇದ್ದಾಗ ಏನಾಗುತ್ತದೆ, ಇಲ್ಲದಾಗ ಏನಾಗುತ್ತದೆ ಎಂಬುದು ಎದುರಿಗೇ ಇರುತ್ತದೆ.

ಸಾಮಗ್ರಿ ಹೊಂದಿಸುವುದು

ಅಗಲ ಬಾಯಿಯ, ಬಣ್ಣವಿಲ್ಲದ, ಒಂದೇ ಅಳತೆಯ ಆರು ಗಾಜಿನ ಜಾಡಿಗಳು ಬೇಕು. ಸೋಪು ಹಾಕಿ ತೊಳೆಯಬೇಡಿ. ಉಳಿದ ಲವಲೇಶ ಸೋಪೂ ನೀರಿನ ಸಣ್ಣ ಜೀವಿಗಳಿಗೆ ವಿಷವಾಗಬಲ್ಲದು. ಬಿಸಿನೀರಿನಲ್ಲಿ ಎರಡು ಮೂರು ಸಲ ಜಾಲಾಡಿಸಿದರೆ ಸಾಕು. ಇದಲ್ಲದೆ 10 ಮಿಲಿಯ ಸಿರಿಂಜ್ (ಸೂಜಿ ಬೇಡ), ಭೂತಕನ್ನಡಿ, ಬಿಳಿ ತಟ್ಟೆ, ತೆಳುವಾದ ಬಟ್ಟೆ, ರಬ್ಬರ್ ಬ್ಯಾಂಡ್, ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ತಕ್ಕಡಿ, ಪಿಎಚ್ ಪರೀಕ್ಷೆಯ ದ್ರಾವಣ. ಸೂಕ್ಷ್ಮದರ್ಶಕ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ನೀರು, ಕೆಸರು, ಗಿಡ ಮೂರೂ ಒಂದೇ ಕೊಳದವು, ಒಂದೇ ದಿನ ತಂದವು ಆಗಿರಬೇಕು. ನೀರು ಸುಮಾರು 6 ಲೀಟರ್, ದಡದ ಹತ್ತಿರದ ಮೇಲುಪದರದ ಕೆಸರು 1 ಲೀಟರ್. ಚರಂಡಿ ಸೇರುವ ಕೊಳ ಬೇಡ. ಬಸವನಹುಳುವಿನಿಂದ ಹರಡುವ ರೋಗಗಳು ಕೆಲವು ಪ್ರದೇಶಗಳಲ್ಲಿವೆ. ಎಲ್ಲೇ ಆದರೂ ಕೈಗವಸು ಹಾಕಿಕೊಂಡೇ ನೀರಿಗೆ ಕೈಯಿಡಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ನಲ್ಲಿ ನೀರನ್ನು ಬಳಸದಿರುವುದೇ ಲೇಸು. ಅದರಲ್ಲಿನ ಕ್ಲೋರಿನ್ ಒಂದೆರಡು ದಿನ ತೆರೆದಿಟ್ಟರೆ ಹೋಗುತ್ತದೆ, ಆದರೆ ಕ್ಲೋರಮಿನ್ ಬೆರೆಸಿದ್ದರೆ ಹಾಗೆ ಹೋಗುವುದಿಲ್ಲ.

ಕೆಸರನ್ನು 2 ಮಿಲಿಮೀಟರ್ ತೂತಿನ ಜರಡಿಯಲ್ಲಿ ಹಾಯಿಸಿ, ಮೇಲೆ ಉಳಿದದ್ದನ್ನು ಕೊಳಕ್ಕೇ ಹಿಂತಿರುಗಿಸಿ. ಇದನ್ನು ಬಿಡಬೇಡಿ. ಏರೋಪ್ಲೇನ್ ಚಿಟ್ಟೆಯ ಒಂದೇ ಒಂದು ಮರಿ ಒಳಗೆ ಸೇರಿದರೂ ಕೆಲವೇ ದಿನಗಳಲ್ಲಿ ಆ ಜಾಡಿಯ ಚಲಿಸುವ ಜೀವಿಗಳನ್ನೆಲ್ಲ ನುಂಗಿ ಹಾಕುತ್ತದೆ. ಕೊಳದಲ್ಲಿ ಬೇಟೆಗೆ ಅಡಗಲು ಜಾಗವಿದೆ, ಹೊರಗಿನಿಂದ ಹೊಸಬರು ಬರುತ್ತಾರೆ. ಜಾಡಿಯಲ್ಲಿ ಎರಡೂ ಇಲ್ಲ.

ಮೀನು ಹಾಕಬಾರದು. ಆಹಾರ ಸರಪಳಿಯಲ್ಲಿ ಒಂದು ಮಟ್ಟದ ಜೀವಿ ತನ್ನದಾಗಿಸಿಕೊಂಡ ಶಕ್ತಿಯಲ್ಲಿ ಮೇಲಿನ ಮಟ್ಟಕ್ಕೆ ಸಿಗುವುದು ಸ್ಥೂಲವಾಗಿ ಹತ್ತನೇ ಒಂದು ಪಾಲು; ಉಳಿದದ್ದು ಉಸಿರಾಟದಲ್ಲಿ, ಚಲನೆಯಲ್ಲಿ, ತಿನ್ನದೆ ಉಳಿದ ಭಾಗಗಳಲ್ಲಿ ಹೋಗುತ್ತದೆ. ಅಮೆರಿಕದ ಪರಿಸರ ವಿಜ್ಞಾನಿ ರೇಮಂಡ್ ಲಿಂಡೆಮನ್ 1942ರಲ್ಲಿ ಒಂದು ಸಣ್ಣ ಸರೋವರದ ಅಧ್ಯಯನದಿಂದ ಈ ಲೆಕ್ಕಾಚಾರಕ್ಕೆ ಬುನಾದಿ ಹಾಕಿದರು. 100 ಪಾಲು ಪಾಚಿಯಿಂದ 10 ಪಾಲು ಡಾಫ್ನಿಯಾ (ಪಾಚಿ ತಿನ್ನುವ ಪುಟ್ಟ ನೀರುಚಿಗಟ), ಅದರಿಂದ 1 ಪಾಲು ಮೀನು. ಮುಕ್ಕಾಲು ಲೀಟರ್ ನೀರಿನ ಪಾಚಿ ಒಂದು ಮೀನಿನ ಒಂದು ವಾರದ ಊಟಕ್ಕೂ ಸಾಲದು.

ಜಾಡಿ ತುಂಬುವುದು

ಜರಡಿ ಹಿಡಿದ ಕೆಸರನ್ನು ಬಕೆಟ್ಟಿನಲ್ಲಿ ಚೆನ್ನಾಗಿ ಕಲಸಿ, ಪ್ರತಿ ಜಾಡಿಗೆ 100 ಮಿಲಿ ಹಾಕಿ. ಮರುದಿನದವರೆಗೆ ಹಾಗೆಯೇ ಬಿಡಿ. ನೀರನ್ನು ಹಾಕುವಾಗ ಒಂದು ಜಾಡಿ ತುಂಬಿ ಇನ್ನೊಂದಕ್ಕೆ ಹೋಗಬೇಡಿ. ಬಕೆಟ್ಟನ್ನು ಮೆಲ್ಲಗೆ ತಿರುವುತ್ತ, ಆರಕ್ಕೂ 150 ಮಿಲಿಯಂತೆ ಐದು ಸುತ್ತು ಹಾಕಿ. ಒಟ್ಟು 750 ಮಿಲಿ. ಡಾಫ್ನಿಯಾದಂಥ ಜೀವಿಗಳು ನೀರಿನಲ್ಲಿ ಗುಂಪು ಗುಂಪಾಗಿ ಇರುತ್ತವೆ. ನೇರವಾಗಿ ಸುರಿದರೆ ಮೊದಲ ಜಾಡಿಗೆ ಇನ್ನೂರು, ಕೊನೆಯದಕ್ಕೆ ಹತ್ತು ಎಂಬಂತಾಗಿ ಪ್ರಯೋಗ ಶುರುವಾಗುವ ಮೊದಲೇ ಕೆಡುತ್ತದೆ. ಕೆಸರು ಏಳದಂತೆ ಚಮಚದ ಬೆನ್ನಿನ ಮೇಲೆ ನೀರು ಬೀಳಿಸಿ. ಮೇಲೆ ಗಾಳಿಗೆ ಜಾಗ ಉಳಿಯಬೇಕು.

ಗಿಡಕ್ಕೆ ಹೈಡ್ರಿಲ್ಲಾ ಅಥವಾ ಸೆರಟೋಫಿಲಮ್ ಒಳ್ಳೆಯದು. 10 ಸೆಂ.ಮೀ. ಉದ್ದದ ತುದಿಗಳನ್ನು ಕತ್ತರಿಸಿ, ಬಟ್ಟೆಯಿಂದ ಒತ್ತಿ ನೀರು ತೆಗೆದು, ಪ್ರತಿ ಜಾಡಿಗೆ 3 ಗ್ರಾಂ ತೂಗಿ ಹಾಕಿ. ತೂಕ ಬರೆದಿಟ್ಟುಕೊಳ್ಳಿ. ಈ ಹಂತದಲ್ಲೇ ಪ್ರಯೋಗ ಹಾಳಾಗುವುದು ಹೆಚ್ಚು: ಎಲೆಯ ಅಡಿಯಲ್ಲಿ ಲೋಳೆಯಂಥ ಪಾರದರ್ಶಕ ಮುದ್ದೆ ಕಂಡರೆ ಅದು ಬಸವನಹುಳುವಿನ ಮೊಟ್ಟೆ. ನೋಡದೆ ಹಾಕಿದರೆ ‘ಬಸವನಹುಳು ಇಲ್ಲದ’ ಜಾಡಿಯಲ್ಲೂ ಕೆಲವು ವಾರಗಳಲ್ಲಿ ಸಾಸಿವೆ ಗಾತ್ರದ ಮರಿಗಳು ಹರಿದಾಡುತ್ತವೆ. ಒಂದೊಂದು ಎಲೆಯನ್ನೂ ಭೂತಕನ್ನಡಿಯಲ್ಲಿ ನೋಡಿ.

ಬಾಯಿಗೆ ಬಟ್ಟೆ ಕಟ್ಟಿ. ಇಲ್ಲವಾದರೆ ಸೊಳ್ಳೆ ಮೊಟ್ಟೆಯಿಡುತ್ತದೆ. ನೇರ ಬಿಸಿಲು ಬೀಳದ, ಆದರೆ ಬೆಳಕಿರುವ ಜಾಗ, ಅಥವಾ ದಿನಕ್ಕೆ 12 ಗಂಟೆ ಉರಿಯುವ ಎಲ್‌ಇಡಿ ದೀಪದ ಕೆಳಗಿಡಿ. ಬಿಸಿಲಿಗಿಟ್ಟ ಜಾಡಿ ಬೇಗ ಕಾಯುತ್ತದೆ. ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಇದ್ದದ್ದು 30 ಡಿಗ್ರಿಯಲ್ಲಿ ಏಳೂವರೆಗೆ ಇಳಿಯುತ್ತದೆ. ಅದೇ ಹೊತ್ತಿಗೆ ಜೀವಿಗಳ ಉಸಿರಾಟದ ವೇಗ ಏರಿರುತ್ತದೆ. ಎರಡೂ ಕಡೆಯಿಂದ ಹೊಡೆತ.

ಒಂದು ವಾರ ಹೀಗೆ ಬಿಟ್ಟು, ಆಮೇಲೆ ಚೀಟಿ ಎತ್ತಿ ಮೂರು ಜಾಡಿಗಳನ್ನು ಆರಿಸಿ. ಚೆನ್ನಾಗಿ ಕಂಡ ಜಾಡಿಗೆ ಬಸವನಹುಳು ಹಾಕುವ ಆಸೆ ಯಾರಿಗೂ ಬರುವಂಥದ್ದೇ. ಚೀಟಿ ಅದಕ್ಕೆ ಕಡಿವಾಣ. ಆರಿಸಿದ ಪ್ರತಿ ಜಾಡಿಗೆ ಒಂದು ಸೆಂ.ಮೀ.ಗಿಂತ ಚಿಕ್ಕದಾದ ಎರಡು ಬಸವನಹುಳು ಬಿಡಿ. ವಾರಕ್ಕೊಮ್ಮೆ ಜಾಡಿಗಳ ಜಾಗ ಅದಲುಬದಲು ಮಾಡಿ.

ಏನನ್ನು, ಹೇಗೆ ಎಣಿಸುವುದು

ವಾರಕ್ಕೆರಡು ಸಲ, ಒಂದೇ ಹೊತ್ತಿಗೆ ಎಣಿಸಿ. ಡಾಫ್ನಿಯಾ ಬೆಳಕಿಗೆ ತಕ್ಕಂತೆ ಮೇಲೆ ಕೆಳಗೆ ಓಡಾಡುವುದರಿಂದ ಬೆಳಗಿನ ಎಣಿಕೆಯನ್ನು ಸಂಜೆಯದರ ಜೊತೆ ಹೋಲಿಸಲಾಗದು. ನಡುಮಟ್ಟದಿಂದ 10 ಮಿಲಿ ನೀರು ಎಳೆದು ತಟ್ಟೆಗೆ ಬಿಟ್ಟು, ಜಿಗಿಯುತ್ತ ಈಜುವ ಡಾಫ್ನಿಯಾ, ಒಂಟಿ ಕಣ್ಣಿನ ಸೈಕ್ಲಾಪ್ಸ್, ಬೀಜದಂತೆ ಉರುಳುವ ಆಸ್ಟ್ರಕಾಡ್ ಬೇರೆ ಬೇರೆ ಎಣಿಸಿ, ನೀರನ್ನು ಅದೇ ಜಾಡಿಗೆ ಮರಳಿ ಸುರಿಯಿರಿ. ಹೀಗೆ ಮೂರು ಸಲ ತೆಗೆದು ಸರಾಸರಿ ಹಿಡಿಯಿರಿ. ಸರಾಸರಿ 4 ಬಂದರೆ, 75ರಿಂದ ಗುಣಿಸಿ, ಜಾಡಿಯಲ್ಲಿ ಸುಮಾರು 300. ಒಂದು ಜಾಡಿ ಮುಗಿಸಿ ಇನ್ನೊಂದಕ್ಕೆ ಹೋಗುವ ಮುನ್ನ ಸಿರಿಂಜನ್ನು ಬಿಸಿನೀರಿನಲ್ಲಿ ತೊಳೆದು ಆರಿಸಿ.

ಪಾಚಿ ಎರಡು ಕಡೆ ಇರುತ್ತದೆ, ಎರಡನ್ನೂ ಬೇರೆಯಾಗಿ ಅಳೆಯಬೇಕು. ಗೋಡೆಗಂಟಿದ್ದಕ್ಕೆ, ಒಂದು ಸೆಂ.ಮೀ. ಚೌಕಗಳನ್ನು ಗೆರೆ ಹಾಕಿದ ಪಾರದರ್ಶಕ ಹಾಳೆಯನ್ನು ಹೊರಗಿನಿಂದ ಹಿಡಿದು, ಅರ್ಧಕ್ಕಿಂತ ಹೆಚ್ಚು ಹಸಿರಾದ ಚೌಕಗಳನ್ನು ಎಣಿಸಿ. ನೀರಿನಲ್ಲಿ ತೇಲುವುದಕ್ಕೆ, ದಪ್ಪದಿಂದ ಸಣ್ಣಕ್ಕೆ ಇಳಿಯುವ ಅಕ್ಷರಗಳ ಒಂದು ಚೀಟಿಯನ್ನು ಜಾಡಿಯ ಹಿಂದೆ ಇಟ್ಟು, ಓದಲಾಗುವ ಕೊನೆಯ ಸಾಲನ್ನು ಬರೆದುಕೊಳ್ಳಿ. ಪಾಚಿ ಕಟ್ಟಿದ ಗೋಡೆಯ ಮೂಲಕ ಓದಿದರೆ ತಪ್ಪು ಲೆಕ್ಕ ಬರುತ್ತದೆ. ಓದುವ ಕಡೆಯಲ್ಲಿ ಮತ್ತು ಅದರ ಎದುರಿನಲ್ಲಿ ಎರಡು ಬೆರಳಗಲವನ್ನು ಒಳಗಿನಿಂದ ಒರೆಸಿಡಿ. ಆರೂ ಜಾಡಿಗಳಲ್ಲಿ ಒರೆಸಿ.

ಪಿಎಚ್ ಅನ್ನು ಬೆಳಕು ಹರಿಯುವ ಹೊತ್ತಿಗೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ನೋಡಿ. ರಾತ್ರಿ ಎಲ್ಲರೂ ಉಸಿರಾಡುತ್ತಾರೆ, ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಸೇರಿ ಆಮ್ಲೀಯತೆ ಏರುತ್ತದೆ, ಎಂದರೆ ಪಿಎಚ್ ಇಳಿಯುತ್ತದೆ. ಹಗಲು ಗಿಡವೂ ಪಾಚಿಯೂ ಅದನ್ನು ಹೀರಿಕೊಂಡಂತೆ ಪಿಎಚ್ ಮೇಲೇರುತ್ತದೆ. ಈ ಏರಿಳಿತ ಕಾಣದಿದ್ದರೆ ಬೆಳಕು ಸಾಲದು ಎಂದೇ ಅರ್ಥ ಮಾಡಿಕೊಳ್ಳಬಹುದು. ಖನಿಜಾಂಶ ಹೆಚ್ಚಿರುವ ಗಡಸು ನೀರಿನಲ್ಲಿ ಮಾತ್ರ ಏರಿಳಿತ ಹೇಗೂ ಚಿಕ್ಕದು.

ಕಂಡದ್ದನ್ನು ಓದುವುದು

ಮೊದಲ ಹತ್ತು ದಿನಗಳಲ್ಲಿ ನೀರು ಹಾಲು ಬೆರೆಸಿದಂತೆ ಮಬ್ಬಾದರೆ ಗಾಬರಿಯಾಗಿ ಚೆಲ್ಲಬೇಡಿ. ಕಲಕಿದ ಕೆಸರಿನಿಂದ, ಸತ್ತ ಎಲೆಗಳಿಂದ ಬಂದ ಆಹಾರದ ಮೇಲೆ ಬ್ಯಾಕ್ಟೀರಿಯಾ ಒಮ್ಮೆಲೇ ಹೆಚ್ಚಿರುತ್ತವೆ. ಬೆನ್ನಲ್ಲೇ ಅವನ್ನು ತಿನ್ನುವ ಪ್ಯಾರಮೀಸಿಯಮ್‌ನಂಥ ಏಕಕೋಶ ಜೀವಿಗಳು ಹೆಚ್ಚುತ್ತವೆ, ನೀರು ತಿಳಿಯಾಗುತ್ತದೆ. ಎರಡು ವಾರವಾದರೂ ಮಬ್ಬು ಹೋಗದೆ ದುರ್ವಾಸನೆ ಬಂದರೆ ಸತ್ತ ವಸ್ತು ಅತಿಯಾಗಿದೆ. ಕೊಳೆತ ಗಿಡ ತೆಗೆದು ಆ ಜಾಡಿಯನ್ನು ಲೆಕ್ಕದಿಂದ ಬಿಡಿ.

ಆಮೇಲೆ ಸಾಮಾನ್ಯವಾಗಿ ಪಾಚಿಯ ಸರದಿ, ಅದರ ಹಿಂದೆ ಡಾಫ್ನಿಯಾದ್ದು. ಅನುಕೂಲ ಕಾಲದಲ್ಲಿ ಹೆಣ್ಣು ಡಾಫ್ನಿಯಾ ಗಂಡಿಲ್ಲದೆಯೇ ಮರಿ ಹಾಕುತ್ತದೆ, ಹಾಗಾಗಿ ಸಂಖ್ಯೆ ನೆಗೆಯುತ್ತದೆ. ಪಾಚಿ ಖಾಲಿಯಾಗಿ ನೀರು ಗಾಜಿನಂತಾದ ಮೇಲೆ ಡಾಫ್ನಿಯಾ ಕುಸಿಯುತ್ತದೆ. ಕುಸಿಯುವ ಮುನ್ಸೂಚನೆ ಬೆನ್ನ ಮೇಲಿರುತ್ತದೆ: ಕುದುರೆಯ ಜೀನಿನಂಥ ಕಪ್ಪು ಗುರುತು ಕಂಡರೆ ಅದು ಕಷ್ಟಕಾಲ ದಾಟಲು ಕಾಪಿಟ್ಟ ಗಟ್ಟಿ ಕವಚದ ಮೊಟ್ಟೆ. ಪಾಚಿ ಕಣ್ಣಿಗೆ ಕಾಣುವುದೇ ಇಲ್ಲ, ಡಾಫ್ನಿಯಾ ಮಾತ್ರ ತುಂಬಿವೆ, ಹಾಗಾದರೆ ಕೆಳಗಿನ ಮಟ್ಟದಲ್ಲಿ ಹೆಚ್ಚು, ಮೇಲಿನದರಲ್ಲಿ ಕಡಿಮೆ ಎಂಬ ಪಿರಮಿಡ್ ತಲೆಕೆಳಗಾಯಿತೇ ಎಂದು ಕೇಳುವವರುಂಟು. ಒಂದು ಕ್ಷಣದ ತೂಕ ತಲೆಕೆಳಗಾಗಬಹುದು. ಪಾಚಿ ಬೇಗ ಬೇಗ ಬೆಳೆದು ಬೆಳೆದಂತೆಯೇ ತಿನ್ನಿಸಿಕೊಳ್ಳುತ್ತಿರುತ್ತದೆ, ಅಷ್ಟೆ. ಶಕ್ತಿಯ ಲೆಕ್ಕ ತಲೆಕೆಳಗಾಗುವುದಿಲ್ಲ.

ಈಗ ಬಸವನಹುಳುವಿನ ವಿಷಯ. ‘ಬಸವನಹುಳು ಪಾಚಿ ತಿನ್ನುತ್ತದೆ, ಆದ್ದರಿಂದ ಆ ಜಾಡಿಗಳಲ್ಲಿ ಪಾಚಿ ಕಡಿಮೆ’ ಎಂದು ಮೊದಲೇ ಬರೆದಿಟ್ಟವರಿಗೆ ಅಚ್ಚರಿ ಕಾದಿರಬಹುದು. ಅದು ಕೆರೆದು ತಿನ್ನುವುದು ಗೋಡೆಗೂ ಎಲೆಗೂ ಅಂಟಿದ ಪಾಚಿಯನ್ನು. ಅದರ ಹಿಕ್ಕೆಯಿಂದ ಸಾರಜನಕ, ರಂಜಕ ನೀರಿಗೆ ಸೇರುತ್ತವೆ, ತೇಲುವ ಪಾಚಿಗೆ ಅದು ಗೊಬ್ಬರ. ಇನ್ನೊಂದು ಕಡೆ, ಎಲೆಯ ಮೇಲಿನ ಪೊರೆ ಹೋದ್ದರಿಂದ ಗಿಡಕ್ಕೆ ಬೆಳಕು ಸಿಕ್ಕಿ ಅದು ಬೆಳೆದು, ಅದೇ ಗೊಬ್ಬರವನ್ನು ತಾನೂ ಹೀರುತ್ತದೆ. ಗೆಲ್ಲುವುದು ತೇಲುವ ಪಾಚಿಯೋ ಗಿಡವೋ ಎಂಬುದು ಬೆಳಕು, ಕೆಸರು, ಡಾಫ್ನಿಯಾ ಎಷ್ಟಿವೆ ಎಂಬುದರ ಮೇಲೆ ನಿಂತಿದೆ. ಒಂದು ಜೀವಿ ಇನ್ನೊಂದನ್ನು ಮುಟ್ಟದೆಯೇ ಮೂರನೆಯದರ ಮೂಲಕ ಪ್ರಭಾವ ಬೀರುವ ಇಂಥ ಪರೋಕ್ಷ ಸಂಬಂಧವನ್ನು ‘ಯಾರು ಯಾರನ್ನು ತಿನ್ನುತ್ತಾರೆ’ ಎಂಬ ಪಟ್ಟಿ ತೋರಿಸುವುದಿಲ್ಲ. ಗೋಡೆಯ ಪಾಚಿ, ನೀರಿನ ಪಾಚಿ, ಗಿಡದ ತೂಕ ಮೂರನ್ನೂ ಬೇರೆ ಬೇರೆ ಅಳೆಯಲು ಹೇಳಿದ್ದು ಇದಕ್ಕೇ.

ತೀರ್ಮಾನಕ್ಕೆ ಒಂದು ಒರಟು ನಿಯಮ: ಒಂದೇ ಗುಂಪಿನ ಮೂರು ಜಾಡಿಗಳು ತಮ್ಮತಮ್ಮಲ್ಲೇ ಎಷ್ಟು ಬೇರೆಯಾಗಿವೆ ನೋಡಿ. ಎರಡು ಗುಂಪುಗಳ ನಡುವಿನ ಅಂತರ ಅದಕ್ಕಿಂತ ದೊಡ್ಡದಾಗಿದ್ದರೆ ಮಾತ್ರ ಬಸವನಹುಳುವಿನ ಹೆಸರು ಹೇಳಿ. ಬಸವನಹುಳು ಇರುವ ಜಾಡಿಗಳಲ್ಲಿ 52, 60, 48 ಚೌಕ, ಇಲ್ಲದವುಗಳಲ್ಲಿ 55, 70, 44 ಬಂದರೆ ಅದು ಏನನ್ನೂ ಹೇಳಿದಂತಾಗಲಿಲ್ಲ.

ತಿನ್ನುವುದನ್ನು ಬಿಟ್ಟು ಉಳಿದ ಸಂಬಂಧಗಳೂ ಜಾಡಿಯಲ್ಲಿ ಸಿಗುತ್ತವೆ. ಗೋಡೆಗಂಟಿ ಎಳೆಗೈಗಳನ್ನು ಚಾಚಿದ ಹೈಡ್ರಾ ಹಸಿರಾಗಿದ್ದರೆ ಅದರ ಜೀವಕೋಶಗಳೊಳಗೆ ಪಾಚಿ ವಾಸವಾಗಿದೆ. ಪಾಚಿ ಸಕ್ಕರೆ ಕೊಡುತ್ತದೆ, ಹೈಡ್ರಾ ಆಸರೆ ಕೊಡುತ್ತದೆ. ಸೈಕ್ಲಾಪ್ಸ್ ಬೆನ್ನ ಮೇಲೆ ಗಂಟೆಯಾಕಾರದ ವಾರ್ಟಿಸೆಲ್ಲಾ ಸವಾರಿ ಮಾಡುತ್ತಿರಬಹುದು. ಸ್ಪರ್ಧೆಯನ್ನು ಕಾಣುವುದು ಕಷ್ಟ, ಏಕೆಂದರೆ ಅಲ್ಲಿ ಯಾರೂ ಯಾರನ್ನೂ ಹಿಡಿಯುವುದಿಲ್ಲ. ರಷ್ಯಾದ ಜೀವವಿಜ್ಞಾನಿ ಜಿ. ಎಫ್. ಗಾಸ್ 1934ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಪ್ಯಾರಮೀಸಿಯಮ್ ಆರೇಲಿಯಾ ಜೊತೆ ಬೆಳೆಸಿದ ಪ್ಯಾರಮೀಸಿಯಮ್ ಕಾಡೇಟಮ್ ನಶಿಸಿತು. ಅದೇ ಕಾಡೇಟಮ್ ಪ್ಯಾರಮೀಸಿಯಮ್ ಬರ್ಸೇರಿಯಾ ಜೊತೆ ಉಳಿದುಕೊಂಡಿತು, ಬರ್ಸೇರಿಯಾ ತಳದಲ್ಲಿ ಮೇಯುತ್ತಿದ್ದುದರಿಂದ. ಜಾಡಿಯ ತಳದಲ್ಲಿ ಒಂದು, ಮೇಲೆ ಒಂದು ಬಗೆಯ ಜೀವಿ ಕಂಡಾಗ ಇದನ್ನು ನೆನಪಿಸಿಕೊಳ್ಳಿ.

ಕೆಸರನ್ನೂ ಬದಿಯಿಂದ ನೋಡುತ್ತಿರಿ. ಮೇಲಿನ ಕೆಲವು ಮಿಲಿಮೀಟರ್ ಕಂದು, ಅದರ ಕೆಳಗೆ ಕಪ್ಪು. ಕಪ್ಪಿಗೆ ಕಾರಣ ಕಬ್ಬಿಣದ ಸಲ್ಫೈಡ್; ಅಲ್ಲಿ ಆಮ್ಲಜನಕವಿಲ್ಲ, ಸಲ್ಫೇಟ್ ಬಳಸಿ ಬದುಕುವ ಬ್ಯಾಕ್ಟೀರಿಯಾಗಳ ರಾಜ್ಯ. ಬೆಳಕಿನ ಕಡೆ ನೇರಳೆ ಮಚ್ಚೆ ಕಂಡರೆ ಅವು ಅಲ್ಲಿಂದ ಬಂದ ಹೈಡ್ರೋಜನ್ ಸಲ್ಫೈಡನ್ನು ಬಳಸಿ ದ್ಯುತಿಸಂಶ್ಲೇಷಣೆ ನಡೆಸುವ ಬೇರೆ ಬ್ಯಾಕ್ಟೀರಿಯಾ. ಕಡ್ಡಿಯಿಂದ ಕೆದಕಬೇಡಿ, ಕೊಳೆತ ಮೊಟ್ಟೆಯ ವಾಸನೆಯ ಆ ಅನಿಲ ಮೇಲಿನವರಿಗೆ ವಿಷ.

ಎಂಟನೇ ವಾರ ಆಹಾರ ಜಾಲ ಬಿಡಿಸಿ. ಬಾಣ ತಿನ್ನಿಸಿಕೊಂಡದ್ದರಿಂದ ತಿಂದವರ ಕಡೆಗೆ ಹೋಗಬೇಕು. ಅದು ತೋರಿಸುವುದು ಶಕ್ತಿಯ ಹರಿವನ್ನು, ದಾಳಿಯನ್ನಲ್ಲ. ಸತ್ತ ವಸ್ತುವನ್ನು ಮೂಲೆಗೆ ತಳ್ಳದೆ ನಡುವೆ ಬರೆಯಿರಿ. ಎಲ್ಲ ಜೀವಿಗಳಿಂದಲೂ ಅದಕ್ಕೆ ಬಾಣ ಬರುತ್ತದೆ, ಅದರಿಂದ ಬ್ಯಾಕ್ಟೀರಿಯಾಕ್ಕೂ ಬಸವನಹುಳುವಿಗೂ ಹೋಗುತ್ತದೆ. ಕಣ್ಣಾರೆ ಕಂಡ ಸಂಬಂಧಕ್ಕೆ ಗಟ್ಟಿ ಗೆರೆ, ಊಹಿಸಿದ್ದಕ್ಕೆ ಚುಕ್ಕಿ ಗೆರೆ ಹಾಕಿ.

ಗಿಡವನ್ನು ಮೊದಲಿನಂತೆಯೇ ಒತ್ತಿ ತೂಗಿದ ಮೇಲೆ ಜಾಡಿ ಬಿಚ್ಚಬಹುದು. ಬಸವನಹುಳುಗಳನ್ನು ಅವು ಬಂದ ಕೊಳಕ್ಕೇ ಬಿಡಿ, ಬೇರೊಂದು ಕೊಳಕ್ಕಂತೂ ಏನನ್ನೂ ಬಿಡಬೇಡಿ. ನೀರು, ಕೆಸರನ್ನು ಚರಂಡಿಯಿಂದ ದೂರ, ಒಣ ಮಣ್ಣಿನ ಮೇಲೆ ಚೆಲ್ಲಿ; ಗಿಡದ ಚೂರುಗಳನ್ನು ಬಿಸಿಲಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ. ಹೈಡ್ರಿಲ್ಲಾದ ಒಂದು ಸಣ್ಣ ಗೆಣ್ಣು ಹಸಿಯಾಗಿ ಉಳಿದು ನೀರು ಸೇರಿದರೂ ಮತ್ತೆ ಚಿಗುರುತ್ತದೆ.