ತರಗತಿಗೆ ಆ್ಯಪ್ ಆರಿಸುವಾಗ ನಾನು ನೋಡಿಕೊಂಡದ್ದು

ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವ ನನ್ನ ಫೋನಿನಲ್ಲಿ ಒಂದು ಕಾಲಕ್ಕೆ ಬೋಧನೆಗೆಂದೇ ಇಳಿಸಿಕೊಂಡ 17 ಆ್ಯಪ್‌ಗಳಿದ್ದವು. ಈಗ ಉಳಿದಿರುವುದು ಮೂರು. ತರಬೇತಿಯಲ್ಲಿ ಯಾರೋ ತೋರಿಸಿದ್ದನ್ನು ಮೆಚ್ಚಿ ಇಳಿಸಿಕೊಳ್ಳುತ್ತಿದ್ದೆ, ಆಮೇಲೆ ಅದಕ್ಕೆ ಹೊಂದುವ ಪಾಠ ಯಾವುದೆಂದು ಹುಡುಕುತ್ತಿದ್ದೆ. ಮಕ್ಕಳು ಎಲ್ಲಿ ಎಡವುತ್ತಾರೆ ಎಂಬುದನ್ನು ಮೊದಲು ಗುರುತಿಸಿ, ಅದನ್ನು ನನ್ನ ಕಣ್ಣಿಗೆ ಕಾಣಿಸಬಲ್ಲ ಸಾಧನವನ್ನು ಆಮೇಲೆ ಹುಡುಕಬೇಕು ಎಂಬುದು ನನಗೆ ಹೊಳೆದದ್ದು ವಿದ್ಯುತ್ ಪಾಠ ಮಾಡುವಾಗ.

ಒಂದೇ ಬಗೆಯ ಎರಡು ಬಲ್ಬುಗಳನ್ನು ಬ್ಯಾಟರಿಗೆ ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ, ಜೋಡಿಸಿದರೆ ಯಾವುದು ಹೆಚ್ಚು ಪ್ರಕಾಶಮಾನವಾಗಿ ಉರಿಯುತ್ತದೆ ಎಂದು ಕೇಳಿದರೆ, ಮೊದಲ ಬಲ್ಬು ವಿದ್ಯುತ್ತನ್ನು ಒಂದಿಷ್ಟು ತಿಂದು ಮಿಕ್ಕಿದ್ದನ್ನು ಮುಂದಕ್ಕೆ ಕಳಿಸುತ್ತದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುವ ಮಕ್ಕಳು ಪ್ರತಿ ವರ್ಷವೂ ಇರುತ್ತಾರೆ. ಎಷ್ಟು ಮಂದಿ ಎಂಬುದು ಮಾತ್ರ ಕೈ ಎತ್ತಿಸಿದರೆ ತಿಳಿಯುವುದಿಲ್ಲ. ಮುಂದಿನ ಬೆಂಚಿನ ಇಬ್ಬರು ಯಾವ ಉತ್ತರಕ್ಕೆ ಎತ್ತಿದರೋ ಅದಕ್ಕೇ ಉಳಿದ ಕೈಗಳೂ ಏಳುತ್ತವೆ. ಎಲ್ಲರ ಉತ್ತರವೂ ಒಟ್ಟಿಗೆ, ಒಬ್ಬರದು ಇನ್ನೊಬ್ಬರಿಗೆ ಗೊತ್ತಾಗದಂತೆ ನನಗೆ ಬೇಕಿತ್ತು, ಮತ್ತು ಮಕ್ಕಳ ಬಳಿ ತಮ್ಮದೇ ಆದ ಯಾವ ಉಪಕರಣವೂ ಇರಲಿಲ್ಲ. ಪ್ಲಿಕರ್ಸ್ ಎಂಬ ಆ್ಯಪ್ ಈ ಕೆಲಸಕ್ಕೆ ಒದಗಿತು. ಪ್ರತಿ ಮಗುವಿಗೂ ಕಪ್ಪು ಚೌಕಗಳ ಚಿತ್ತಾರವಿರುವ, ಮುದ್ರಿಸಿದ ಒಂದು ಕಾಗದದ ಕಾರ್ಡು. ಅದರ ನಾಲ್ಕು ಅಂಚುಗಳೇ ಎ, ಬಿ, ಸಿ, ಡಿ. ತನ್ನ ಉತ್ತರದ ಅಂಚು ಮೇಲೆ ಬರುವಂತೆ ಮಗು ಕಾರ್ಡನ್ನು ಹಿಡಿದರೆ, ನನ್ನ ಫೋನಿನ ಕ್ಯಾಮೆರಾ ತರಗತಿಯ ಈ ತುದಿಯಿಂದ ಆ ತುದಿಗೆ ತಿರುಗುವಷ್ಟರಲ್ಲಿ ಎಲ್ಲವನ್ನೂ ಓದಿಕೊಳ್ಳುತ್ತದೆ. ಒಂದೊಂದು ಕಾರ್ಡಿನ ಚಿತ್ತಾರವೂ ಬೇರೆ, ಅಕ್ಷರಗಳೂ ಸಣ್ಣವು. ಆದ್ದರಿಂದ ಪಕ್ಕದವನದನ್ನು ನೋಡಿ ಬರೆಯುವ ಚಾಳಿಗೆ ಇಲ್ಲಿ ಆಸ್ಪದ ಕಡಿಮೆ. ಮೊದಲ ಸಲ ಫಲಿತಾಂಶ ನೋಡಿದಾಗ, ಚೆನ್ನಾಗಿ ಅರ್ಥವಾಗಿದೆ ಎಂದು ನಾನು ನಂಬಿದ್ದ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು 'ಮೊದಲ ಬಲ್ಬು' ಎಂದಿದ್ದರು.

ಎರಡೂ ಸಮನಾಗಿ ಉರಿಯುತ್ತವೆ ಎಂಬ ಸರಿಯುತ್ತರವನ್ನು ಆ ಕ್ಷಣ ಹೇಳಲಿಲ್ಲ. ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಫೆಟ್ ಯೋಜನೆಯ, ಪ್ರಯೋಗವನ್ನು ಪರದೆಯ ಮೇಲೆ ಮಾಡಿನೋಡುವ ಉಚಿತ ಸಿಮ್ಯುಲೇಶನ್‌ಗಳಲ್ಲಿ ವಿದ್ಯುನ್ಮಂಡಲ ಕಟ್ಟುವುದೊಂದಿದೆ. ಅದನ್ನು ಪ್ರೊಜೆಕ್ಟರಿನಲ್ಲಿ ತೆರೆದು, ಒಬ್ಬ ಹುಡುಗನಿಂದಲೇ ಮೊದಲ ಬಲ್ಬಿನ ಮುಂಚೆ, ಎರಡರ ನಡುವೆ, ಎರಡನೆಯದರ ಆಚೆ, ಹೀಗೆ ಮೂರು ಕಡೆ ವಿದ್ಯುತ್ಪ್ರವಾಹವನ್ನು ಅಳೆಯುವ ಅಮ್ಮೀಟರ್ ಇರಿಸಿ ನೋಡಿಸಿದೆ. ಮೂರೂ ಕಡೆ ಒಂದೇ ಅಂಕಿ ಬಂತು. 'ಮತ್ತೊಮ್ಮೆ ನೋಡಲಾ ಸರ್?' ಎಂದು ಅವನು ಅಮ್ಮೀಟರನ್ನು ಕಿತ್ತು ಇನ್ನೊಮ್ಮೆ ಜೋಡಿಸಿದ. ನಿಜವಾದ ಬಲ್ಬುಗಳಿಂದಲೇ ಇದನ್ನು ತೋರಿಸಬಾರದೇಕೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದ್ದರು. ತೋರಿಸಿದ್ದೆ. ಒಂದೇ ಪೆಟ್ಟಿಗೆಯಿಂದ ತೆಗೆದ ಎರಡು ಬಲ್ಬುಗಳಲ್ಲಿ ಒಂದು ತುಸು ಮಂಕಾಗಿ ಉರಿದು, ತಪ್ಪು ಕಲ್ಪನೆಗೇ ಸಾಕ್ಷಿ ಹೇಳಿತ್ತು. ಆದರೆ ಸಿಮ್ಯುಲೇಶನ್ನಿನಲ್ಲಿ ತಂತಿ ಸಡಿಲವಾಗುವುದಿಲ್ಲ, ಬ್ಯಾಟರಿ ತಾನಾಗಿ ಸೊರಗುವುದಿಲ್ಲ; ಆ ಪಾಡು ಮಕ್ಕಳಿಗೆ ತಿಳಿಯಲೆಂದು ಮರುದಿನ ನಿಜವಾದ ತಂತಿಗಳನ್ನೂ ಅವರ ಕೈಗೆ ಕೊಟ್ಟೆ.

ನಾನು ಕೈಬಿಟ್ಟವುಗಳಲ್ಲಿ ಮಕ್ಕಳಿಗೆ ಅತ್ಯಂತ ಪ್ರಿಯವಾಗಿದ್ದದ್ದು, ಬೇಗ ಉತ್ತರಿಸಿದವರಿಗೆ ಹೆಚ್ಚು ಅಂಕ ಕೊಟ್ಟು ಪರದೆಯ ಮೇಲೆ ಹೆಸರುಗಳನ್ನು ಏರಿಳಿಸುವ ಒಂದು ಕ್ವಿಜ್ ಆ್ಯಪ್. ಅದನ್ನು ನಡೆಸಿದ ದಿನ ತರಗತಿಯಲ್ಲಿ ಜಾತ್ರೆಯ ಗದ್ದಲ. ಉತ್ತರಗಳ ಪಟ್ಟಿಯನ್ನು ಸಂಜೆ ಬಿಡಿಸಿ ನೋಡಿದರೆ, ಪ್ರಶ್ನೆಯನ್ನು ಓದಿ ಮುಗಿಸಲಾಗದಷ್ಟು ಕಡಿಮೆ ಸಮಯದಲ್ಲಿ ಕೆಲವರು ಗುಂಡಿ ಒತ್ತಿದ್ದರು. ಬರವಣಿಗೆಯ ಪರೀಕ್ಷೆಗಳಲ್ಲಿ ಎಂದೂ ತಪ್ಪದ, ನಿಧಾನವಾಗಿ ಯೋಚಿಸುವ ಹುಡುಗಿಯೊಬ್ಬಳು ನಾಲ್ಕನೆಯ ಪ್ರಶ್ನೆಯಿಂದಾಚೆ ಉತ್ತರಿಸಿಯೇ ಇರಲಿಲ್ಲ. ವೇಗದ ಅಂಕವನ್ನು ನಿಲ್ಲಿಸುವ ಆಯ್ಕೆ ಅದರ ಸೆಟ್ಟಿಂಗಿನಲ್ಲಿ ಇತ್ತು ಎಂಬುದು ನನಗೆ ತಿಳಿದದ್ದು ತಡವಾಗಿ, ಅಷ್ಟು ಹೊತ್ತಿಗೆ ಅದರ ಮೇಲಿನ ಮನಸ್ಸೂ ಹೋಗಿತ್ತು.

ಉಳಿದ ಪರೀಕ್ಷೆಗಳು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಮಗುವಿನ ಇಮೇಲ್, ಹುಟ್ಟಿದ ದಿನಾಂಕ, ಫೋಟೋ ಕೇಳುವ ಸಾಧನವನ್ನು ತೆರೆದಲ್ಲೇ ಮುಚ್ಚುತ್ತೇನೆ. ಕಾರ್ಡುಗಳಿಗೂ ನಾನು ಕೊಟ್ಟಿರುವುದು ಹಾಜರಿ ಸಂಖ್ಯೆಗಳನ್ನಷ್ಟೇ. ಕನ್ನಡದಲ್ಲಿ 'ಸೂರ್ಯ', 'ವಿದ್ಯುತ್ಪ್ರವಾಹ' ಎಂದು ಟೈಪಿಸಿ ಅರ್ಕಾವತ್ತು, ಒತ್ತಕ್ಷರಗಳು ಚೆದುರುತ್ತವೆಯೇ ಎಂದು ನೋಡುತ್ತೇನೆ. ಫೋನಿನ ಡೇಟಾ ಆರಿಸಿ ಒಮ್ಮೆ ತೆರೆಯುತ್ತೇನೆ; ಫೆಟ್‌ನ ಸಿಮ್ಯುಲೇಶನ್‌ಗಳನ್ನು ಮೊದಲೇ ಇಳಿಸಿಟ್ಟುಕೊಂಡರೆ ನೆಟ್ ಇಲ್ಲದೆಯೂ ಓಡುತ್ತವೆ, ಇದು ಎಷ್ಟೋ ಸಲ ನನ್ನ ಮಾನ ಉಳಿಸಿದೆ. ಕೊನೆಯದಾಗಿ, ನಾನು ಅಲ್ಲಿ ಮಾಡಿಟ್ಟದ್ದನ್ನು ಹೊರತೆಗೆಯಲು ಬರುತ್ತದೆಯೇ ಎಂದು ನೋಡುತ್ತೇನೆ. ಶಿಕ್ಷಕರೂ ಮಕ್ಕಳೂ ಸೇರುತ್ತಿದ್ದ ತರಗತಿ ಜಾಲ ಎಡ್ಮೋಡೊ 2022ರಲ್ಲಿ, ಗೂಗಲ್‌ನ ಡಿಜಿಟಲ್ ಬರಹದ ಹಲಗೆ ಜಾಮ್‌ಬೋರ್ಡ್ 2024ರ ಕೊನೆಯಲ್ಲಿ ನಿಂತುಹೋದದ್ದು ಬಹಳ ಶಿಕ್ಷಕರಿಗೆ ಗೊತ್ತಿದೆ. ನನ್ನ ಪಾಲಿಗೆ ಬಂದದ್ದು ಅವುಗಳಿಗಿಂತ ಸಣ್ಣದೊಂದು ಸಾಧನದ ಮುಚ್ಚುಗಡೆ. ಎರಡು ವರ್ಷ ಕೂಡಿಟ್ಟ ಪ್ರಶ್ನೆಗಳಲ್ಲಿ ಪ್ರತಿ ಮಾಡಿಟ್ಟುಕೊಂಡಿದ್ದ ಕೆಲವಷ್ಟೇ ಉಳಿದವು. ಅಂದಿನಿಂದ ಪ್ರಶ್ನೆಗಳು ಮೊದಲು ಒಂದು ಸಾದಾ ಸ್ಪ್ರೆಡ್‌ಶೀಟಿಗೆ ಹೋಗುತ್ತವೆ, ಆ್ಯಪ್‌ಗೆ ಬರುವುದು ಆಮೇಲೆ.

ಈ ವರ್ಷ ಮಸೂರದ ಪಾಠಕ್ಕೆಂದು ಮೂರು ಸಂಜೆ ಹುಡುಕಿದೆ. ಪೀನ ಮಸೂರದ ಅರ್ಧ ಭಾಗವನ್ನು ಕಾಗದದಿಂದ ಮುಚ್ಚಿದರೆ ಬಿಂಬವೂ ಅರ್ಧವೇ ಕಾಣುತ್ತದೆ ಎಂದು ಮಕ್ಕಳು ತಿಳಿಯುತ್ತಾರೆ. ಅದನ್ನು ತೋರಿಸಬಲ್ಲ ಒಂದೆರಡು ಸಿಮ್ಯುಲೇಶನ್‌ಗಳು ಸಿಕ್ಕಿದವು ಕೂಡ. ಕಡೆಗೆ ಕಾರ್ಡುಗಳಿಂದ ಉತ್ತರ ಪಡೆದು, ಕಿಟಕಿ ಮುಚ್ಚಿ, ಒಂದು ಮೇಣದಬತ್ತಿ ಹಚ್ಚಿ ಮಸೂರವನ್ನು ಹಿಡಿದೆ. ಕಾಗದ ಅಡ್ಡ ಬಂದಾಗ ಗೋಡೆಯ ಮೇಲಿನ ತಲೆಕೆಳಗಾದ ಜ್ವಾಲೆ ಮಂಕಾಯಿತೇ ಹೊರತು ತುಂಡಾಗಲಿಲ್ಲ. ಪ್ರೊಜೆಕ್ಟರನ್ನು ಆ ದಿನ ಹಚ್ಚಲೇ ಇಲ್ಲ.