ಮೊಣಕೈಗೆ ಪೆಟ್ಟಾದರೆ ಆಸ್ಪತ್ರೆಗೆ ಯಾವಾಗ ಹೋಗಬೇಕು

ಚನ್ನಗಿರಿ ಕಡೆ ಅಡಿಕೆ ಮರದಿಂದ ಜಾರಿದರೂ, ದುರ್ಗದ ಕೋಟೆ ಬಂಡೆ ಮೇಲೆ ಮಕ್ಕಳು ಎಡವಿದರೂ ಮೊದಲು ನೆಲಕ್ಕೆ ಊರುವುದು ಅಂಗೈ. ಆ ಭಾರ ನೇರ ಮೊಣಕೈಗೆ ಹೋಗುತ್ತದೆ. ಎಲುಬು ಮುರಿದಿದೆಯೋ, ಬರೀ ಉಳುಕೋ ಎಂದು ಊತ ನೋಡಿ ಹೇಳಲಾಗದು.

ಮೊಣಕೈ ಸೊಟ್ಟಗಾಗಿದ್ದರೆ, ಗಾಯದಲ್ಲಿ ಎಲುಬು ಕಂಡರೆ, ಬೆರಳು ಬಿಳಿಚಿ ತಣ್ಣಗಾದರೆ, ಮರಗಟ್ಟಿದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಮಣಿಕಟ್ಟಿನ ನಾಡಿ ನೋಡಿ. ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಕೆಂಪು ಮರಳಬೇಕು. ಹೆಬ್ಬೆರಳು, ತೋರುಬೆರಳ ತುದಿ ಸೇರಿಸಿ ಸೊನ್ನೆ ಮಾಡಲು ಹೇಳಿ. ಆಗದಿದ್ದರೆ ನರಕ್ಕೆ ಪೆಟ್ಟಾಗಿರಬಹುದು. ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೋ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೋ ಹೊರಡುವ ಮುನ್ನ ಬಳೆ, ಉಂಗುರ ತೆಗೆಯಿರಿ, ಊತ ಏರಿದ ಮೇಲೆ ಬರುವುದಿಲ್ಲ. ಕೈ ಇದ್ದ ಹಾಗೇ ಟವೆಲ್ಲಿನಲ್ಲಿ ಕೊರಳಿಗೆ ಕಟ್ಟಿ. ಆಪರೇಷನ್ ಬೇಕಾಗಬಹುದು, ಟೀ ಕೂಡ ಕೊಡಬೇಡಿ.

ಇವೇನೂ ಇಲ್ಲದಿದ್ದರೆ ಎರಡೂ ತೋಳು ಚಾಚಿ, ಅಂಗೈ ಮೇಲೆ ಮಾಡಿ, ಮೊಣಕೈ ನೆಟ್ಟಗೆ ಮಾಡಿಸಿ. ಅವರೇ ಮಾಡಬೇಕು, ನೀವು ಎಳೆಯಬಾರದು. ಪೆಟ್ಟಾದ ಕೈ ಪೂರ್ತಿ ನೆಟ್ಟಗಾಗದಿದ್ದರೆ ಅಂಥವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಎಲುಬು ಮುರಿದಿರುತ್ತದೆ. ಅಂದೇ ಎಕ್ಸ್‌ರೇ ತೆಗೆಸಿ. ಎರಡೂ ಸಮವಾದರೆ ಮುರಿತದ ಸಾಧ್ಯತೆ ಕಡಿಮೆ. ಬಟ್ಟೆಯಲ್ಲಿ ಸುತ್ತಿದ ಐಸ್ ಹದಿನೈದು ನಿಮಿಷ ಇಟ್ಟು, ಎರಡು ಮೂರು ದಿನ ನೋಡಿ. ನೋವು ಇಳಿಯದಿದ್ದರೆ, ಮೊಣಕೈ ತುದಿ ಎಲುಬು ಒತ್ತಿದರೆ ಚುರುಕ್ಕೆಂದರೆ ತೋರಿಸಲೇಬೇಕು. ಮಕ್ಕಳಲ್ಲಿ ಈ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ.

ಐದರೊಳಗಿನ ಮಗುವಿನ ಕೈಯನ್ನು ಯಾರಾದರೂ ಜಗ್ಗಿದ ಮೇಲೆ ಅದು ಕೈ ಎತ್ತದೆ ಜೋತುಬಿಟ್ಟರೆ, ಕೀಲು ಸ್ವಲ್ಪ ಸರಿದಿರುತ್ತದೆ. ವೈದ್ಯರು ನಿಮಿಷದಲ್ಲಿ ಕೂರಿಸುತ್ತಾರೆ.

ಎಕ್ಸ್‌ರೇಗೆ ಮುಂಚೆ ಎಣ್ಣೆ ಹಚ್ಚಿ ನೀವಿಸಬೇಡಿ ಎಂದು ಕೈಮುಗಿದು ಹೇಳುತ್ತೇವೆ. ನೀವಿದಷ್ಟೂ ಒಳಗೆ ರಕ್ತ ಸೋರುತ್ತದೆ, ಸ್ನಾಯುವಿನೊಳಗೇ ಎಲುಬು ಬೆಳೆದು ಕೀಲು ಬಿಗಿಯುವುದುಂಟು. ಬಿದಿರು ದಬ್ಬೆಯ ಬಿಗಿ ಕಟ್ಟು ಇನ್ನೂ ಅಪಾಯ: ಊತಕ್ಕೆ ಜಾಗವಿಲ್ಲದೆ ರಕ್ತ ನಿಲ್ಲುತ್ತದೆ. ಮಾತ್ರೆ ನುಂಗಿದರೂ ನೋವು ಏರುತ್ತಿದ್ದರೆ, ಬೆರಳು ಬಿಡಿಸಿದರೆ ಕಿರುಚುವಂತಾದರೆ, ದಬ್ಬೆ ಕಟ್ಟನ್ನು ಆ ಕ್ಷಣವೇ ಕತ್ತರಿಸಿ ಆಸ್ಪತ್ರೆಗೆ ಓಡಿ. ಕೆಲವೇ ಗಂಟೆಗಳಲ್ಲಿ ಸ್ನಾಯು ಸತ್ತು, ಬೆರಳು ಜೀವನಪೂರ್ತಿ ಮಡಚಿಯೇ ಉಳಿಯಬಹುದು. ಆಸ್ಪತ್ರೆಯ ಪ್ಲಾಸ್ಟರ್ ಹಾಕಿಸಿಕೊಂಡ ಮೊದಲ ರಾತ್ರಿಯೂ ಇದೇ ಲಕ್ಷಣ ಕಂಡರೆ ಬೆಳಗಾಗಲಿ ಎಂದು ಕಾಯದೆ ವಾಪಸ್ ಹೋಗಿ.