ಡಾರ್ಟ್‌ಮೂರಿನ ಕಲ್ಗುಪ್ಪೆಗಳಿಗೆ ನಾನು ಹೋಗುವ ಹೊತ್ತು, ದಾರಿ

ನೈಋತ್ಯ ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲುಗುಡ್ಡಗಳಿಗೆ ಕಂಚಿನ ಯುಗದ ಸಮಾಧಿಗಳನ್ನು ನೋಡಲು ನಾನು ಹೋಗುವುದು ಚಳಿಗಾಲದಲ್ಲೇ. ಬೇಸಿಗೆಯಲ್ಲಿ ಸೊಂಟದುದ್ದ ಬೆಳೆದು ಎಲ್ಲವನ್ನೂ ಮುಚ್ಚುವ ಜರಿಗಿಡ ಆಗ ಒಣಗಿ ನೆಲ ಹಿಡಿದಿರುತ್ತದೆ. ಸಮಾಧಿಯ ಮೇಲೆ ಕಲ್ಲು ರಾಶಿ ಹಾಕಿ ಮಾಡಿದ ಇಲ್ಲಿನ ಎಷ್ಟೋ ಕಲ್ಗುಪ್ಪೆಗಳು ಮೊಣಕಾಲೆತ್ತರವೂ ಉಳಿದಿಲ್ಲ. ಮಧ್ಯಾಹ್ನ ಮೂರರ ಓರೆ ಬಿಸಿಲು ಬಿದ್ದಾಗಲೇ ಅವುಗಳ ದುಂಡನೆಯ ಅಂಚು ಎದ್ದು ಕಾಣುವುದು. ಡಿಸೆಂಬರಿನಲ್ಲಿ ನಾಲ್ಕೂಕಾಲರ ಹೊತ್ತಿಗೆ ಸೂರ್ಯ ಮುಳುಗುವುದರಿಂದ ಹಣೆಗೆ ಕಟ್ಟುವ ಟಾರ್ಚು ಮತ್ತು ದಿಕ್ಸೂಚಿ ಬೇಕೇ ಬೇಕು. ಮಂಜು ಕವಿಯಲು ಹತ್ತು ನಿಮಿಷ ಸಾಕು.

ಮೊದಲಿಗೆ ಡ್ರಿಜಲ್‌ಕೂಂಬ್‌ಗೆ ಹೋಗಿ ಎನ್ನುತ್ತೇನೆ. ಗಟರ್ ಟಾರ್ ಬಳಿ ಕಾರು ನಿಲ್ಲಿಸಿ ನಡೆದರೆ ಪ್ಲಿಮ್ ನದಿಯ ಮೇಲಿನ ಇಳಿಜಾರಿನಲ್ಲಿ ಕಲ್ಲಿನ ಸಾಲುಗಳು, ನಾಲ್ಕು ಮೀಟರಿಗೂ ಎತ್ತರದ ನಿಲಸುಗಲ್ಲು, ಪಕ್ಕದಲ್ಲಿ 'ಜೈಂಟ್ಸ್ ಬೇಸಿನ್' ಎಂಬ ಭಾರಿ ಕಲ್ಗುಪ್ಪೆ ಸಿಗುತ್ತವೆ. ಇಪ್ಪತ್ತು ಮೀಟರಿಗೂ ಅಗಲವಾದ ಅದರ ನೆತ್ತಿಯಲ್ಲಿ ಬಾಣಲೆಯಂಥ ತಗ್ಗಿದೆ.

ಅಲ್ಲಿ ಕಾಣುವ ದಿಬ್ಬಗಳೆಲ್ಲ ಸಮಾಧಿಗಳಲ್ಲ. ತೊರೆಯ ಬದಿಗೆ ಉದ್ದುದ್ದ ಬಿದ್ದಿರುವುದು ತವರ ತೆಗೆದವರು ಸುರಿದ ಕಲ್ಲು. ಸುತ್ತ ಕಾಲುವೆ ತೋಡಿದ ನೀಳ ದಿಬ್ಬ, ಮೊಲ ಸಾಕುವವರು ಬಿಲಕ್ಕೆಂದು ಕಟ್ಟಿದ್ದು. ಕಲ್ಗುಪ್ಪೆ ದುಂಡಗಿರುತ್ತದೆ, ಕೆಲವಕ್ಕೆ ಸುತ್ತ ಅಂಚುಗಲ್ಲು ಇರುತ್ತದೆ. ನಡುವೆ ಚಪ್ಪಡಿಗಳ ಪೆಟ್ಟಿಗೆ ಕಂಡರಂತೂ ಅನುಮಾನವೇ ಬೇಡ. ಈ ಪೆಟ್ಟಿಗೆಗಳು ಹೆಚ್ಚಾಗಿ ವಾಯವ್ಯ-ಆಗ್ನೇಯ ದಿಕ್ಕಿಗೆ ಚಾಚಿರುತ್ತವೆ. ದೊಡ್ಡವರು ಕಾಲು ನೀಡಿ ಮಲಗುವಷ್ಟು ಉದ್ದವಿಲ್ಲ. ಕಾಲು ಮಡಿಸಿ ಮಲಗಿಸುತ್ತಿದ್ದರು, ಇಲ್ಲವೇ ಸುಟ್ಟ ಮೂಳೆ ಇಡುತ್ತಿದ್ದರು. ಸುಡದ ಮೂಳೆಯನ್ನು ಹುಳಿಮಣ್ಣು ಉಳಿಸಿಲ್ಲ.

ನಮ್ಮ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಮೊರೇರ ಮನೆಗಳನ್ನು, ಅಂದರೆ ಕಬ್ಬಿಣಯುಗದ ಚಪ್ಪಡಿ ಸಮಾಧಿಗಳನ್ನು, ನೋಡಿದವರಿಗೆ ಈ ಚಪ್ಪಡಿ ಜೋಡಣೆ ಗುರುತು ಸಿಗುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್‌ಗೂ ಹಾಗೇ ಆಯಿತು. ಜೇವರ್ಗಿ ಬಳಿಯ ಕಲ್ಗುಪ್ಪೆಗಳನ್ನು ಅಗೆಸಿದ ಆತ, ತನ್ನ ನಾಡಿನ ಸಮಾಧಿಗಳೊಂದಿಗೆ ಅವನ್ನು ಹೋಲಿಸಿ ಬರೆದ. ಆದರೆ ಡಾರ್ಟ್‌ಮೂರಿನವು ನಮ್ಮ ಕಬ್ಬಿಣಯುಗದವಕ್ಕಿಂತ ಹೆಚ್ಚುಕಡಿಮೆ ಸಾವಿರ ವರ್ಷ ಹಳೆಯವು, ಬೇರೆಯದೇ ಜನರವು. ಹಿರೇಬೆಣಕಲ್ಲಿನ ಚಪ್ಪಡಿಯಲ್ಲಿ ಕೊರೆದ ದುಂಡು ಕಿಂಡಿಯನ್ನು ಇಲ್ಲಿ ನಾನು ಕಂಡಿಲ್ಲ.

ನಡೆದು ಬಂದವರು ಗುಪ್ಪೆಯ ಮೇಲೆ ತಮ್ಮದೊಂದು ಕಲ್ಲು ಪೇರಿಸುವುದು ನನಗೆ ಸಂಕಟ ತರುತ್ತದೆ. ಒಂದೊಂದಾಗಿ ಸೇರಿ ಮೂಲ ಆಕಾರವೇ ಮುಚ್ಚಿಹೋಗುತ್ತದೆ. ದಯವಿಟ್ಟು ಕಲ್ಲು ಇಡಲೂ ಬೇಡಿ, ತೆಗೆಯಲೂ ಬೇಡಿ. ಉತ್ತರದ ಗುಡ್ಡಗಳಲ್ಲಿ ಸೈನ್ಯದ ಗುಂಡಿನ ಅಭ್ಯಾಸ ನಡೆಯುತ್ತದೆ. ಹೊರಡುವ ಮುಂಚೆ ವೇಳಾಪಟ್ಟಿ ನೋಡಿ, ಕೆಂಪು ಬಾವುಟ ಕಂಡರೆ ಒಳಗೆ ಕಾಲಿಡಬೇಡಿ.

ಆ ಉತ್ತರದ ಕಡೆಯೇ ವೈಟ್‌ಹಾರ್ಸ್ ಹಿಲ್ ಇದೆ. ಅಲ್ಲಿ 2011ರಲ್ಲಿ ತೆರೆದ ಕಲ್ಲುಪೆಟ್ಟಿಗೆ ಜೌಗಿನಲ್ಲಿ ಅರೆಕೊಳೆತ ಗಿಡಗಳಿಂದಾದ ಪೀಟ್ ಮಣ್ಣಿನೊಳಗಿದ್ದುದರಿಂದ ಬೇರೆಲ್ಲೂ ಉಳಿಯದ್ದು ಉಳಿದಿತ್ತು: ಕರಡಿ ತೊಗಲಿನಲ್ಲಿ ಸುತ್ತಿಟ್ಟ ಸುಟ್ಟ ಮೂಳೆ, ನಾರಿನ ಬುಟ್ಟಿ, ಅಂಬರ್ ಮಣಿಗಳು, ದನದ ಕೂದಲು ಹೆಣೆದು ತವರದ ಪುಟ್ಟ ಗುಂಡಿಗಳನ್ನು ಕೂರಿಸಿದ ಕೈಪಟ್ಟಿ. ಜೊತೆಗೆ ಯಾರಾದರೂ ಹೊಸಬರು ಬಂದರೆ ಗುಡ್ಡಕ್ಕೆ ಮುಂಚೆ ಪ್ಲಿಮತ್‌ನ 'ದಿ ಬಾಕ್ಸ್' ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು ಈ ಶೋಧದ ಬಗ್ಗೆ ಹೇಳುತ್ತೇನೆ. ಆಮೇಲೆ ಖಾಲಿ ಪೆಟ್ಟಿಗೆಯ ಮುಂದೆ ನಿಂತಾಗ ಅದರಲ್ಲಿ ಏನೇನು ಇದ್ದಿರಬಹುದೆಂದು ಅವರೇ ಕೇಳತೊಡಗುತ್ತಾರೆ.